ಬಸ್ಸಿನ ಪ್ರಶ್ನೆ ಹೊತ್ತುಕೊಂಡು ಲಂಡನ್ನಿಗೆ

"ಮೇಡಂ, ಬಸ್ ಫ್ರೀ ಆದ್ಮೇಲೆ ಕೆಲಸಕ್ಕೆ ಹೋಗೋ ಹೆಂಗಸರು ಜಾಸ್ತಿ ಆದ್ರಾ? ಅದನ್ನ ಲೆಕ್ಕ ಹಾಕಿ ತೋರಿಸೋಕೆ ಆಗುತ್ತಾ?"

2023ರ ಅಕ್ಟೋಬರಿನಲ್ಲಿ ಎರಡನೇ ವರ್ಷದ ಬಿಎ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆ ಇದು. ಶಕ್ತಿ ಯೋಜನೆ ಶುರುವಾಗಿ ನಾಲ್ಕು ತಿಂಗಳಾಗಿತ್ತು. ನಾನು ದಿನಾ ಗುಬ್ಬಿಯಿಂದ ತುಮಕೂರಿಗೆ ಕೆಂಪು ಬಸ್ಸಿನಲ್ಲೇ ಓಡಾಡುವವಳು. ಶೂನ್ಯ ಟಿಕೆಟ್ ಕೈಯಲ್ಲಿ ಹಿಡಿದು, ನಿಂತುಕೊಂಡೇ ಕಾಲೇಜು ತಲುಪುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಪ್ರತಿದಿನ ಇದೇ ಚರ್ಚೆ. ಒಬ್ಬರು "ಬಸ್ಸು ತುಂಬಿದೆ ಅಷ್ಟೇ, ಇನ್ನೇನೂ ಆಗಿಲ್ಲ" ಅನ್ನುತ್ತಿದ್ದರು. ಇನ್ನೊಬ್ಬರು "ನಮ್ಮ ಬೀದಿಯ ನಾಲ್ಕು ಜನ ಗಾರ್ಮೆಂಟ್ಸಿಗೆ ಸೇರಿದ್ದಾರೆ" ಅನ್ನುತ್ತಿದ್ದರು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು.

ಆ ಹುಡುಗಿಗೆ "ನಾಳೆ ಹೇಳ್ತೀನಿ ಕೂತ್ಕೋಮ್ಮ" ಅಂದೆ. ಮಾರನೆಯ ದಿನವೂ ಹೇಳಲಾಗಲಿಲ್ಲ. ಹನ್ನೊಂದು ವರ್ಷದಿಂದ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಸರಾಸರಿ ಗೊತ್ತು, ಶೇಕಡಾವಾರು ಗೊತ್ತು, ರಿಗ್ರೆಶನ್ ಸೂತ್ರವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಬಲ್ಲೆ. ಆದರೆ "ಇದು ಆಗಿದ್ದು ಅದರಿಂದಲೇ" ಎಂದು ಹೇಳುವುದು ಹೇಗೆ? ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಎಂಎನಲ್ಲಿ ಆ ಪೇಪರನ್ನು ಗೈಡು ಓದಿ ಪಾಸು ಮಾಡಿದ್ದೆ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಬೇಸಿಗೆ ಶಾಲೆ ನಡೆಯುತ್ತದೆ ಎಂದು ಗೊತ್ತಾಗಿದ್ದು ಆ ಹುಡುಕಾಟದಲ್ಲೇ. ಜೂನ್‌ನಿಂದ ಆಗಸ್ಟ್‌ವರೆಗೆ ಮೂರು ಅವಧಿ, ಒಂದೊಂದೂ ಮೂರು ವಾರ. ಅವರದೇ ವಿದ್ಯಾರ್ಥಿಗಳಾಗಿರಬೇಕಿಲ್ಲ. ಅಲ್ಲಿ ಅರ್ಥಮಿತಿಯ ಮೊದಲ ಹಂತದ ಕೋರ್ಸ್ ಇತ್ತು. ಅರ್ಥಮಿತಿ ಅಂದರೆ ಅಂಕಿಅಂಶಗಳನ್ನು ಇಟ್ಟುಕೊಂಡು ಕಾರಣ ಹುಡುಕುವ ವಿದ್ಯೆ. ಕೋರ್ಸಿನ ವಿವರ ಓದುವಾಗಲೇ ನನ್ನ ಪ್ರಶ್ನೆಗೆ ಸರಿಯಾದ ಜಾಗ ಇದೇ ಅನ್ನಿಸಿತು.

ದುಡ್ಡಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಎಲ್ಲರೂ ಕೇಳುವುದು ಅದನ್ನೇ. ಶುಲ್ಕ ನಾಲ್ಕು ಲಕ್ಷದ ಆಸುಪಾಸು. ಹಾಸ್ಟೆಲ್ಲಿಗೆ ಒಂದು ಲಕ್ಷ ದಾಟಿತು. ವಿಮಾನ, ವೀಸಾ, ವಿಮೆ, ಊಟ, ಓಡಾಟ ಎಲ್ಲ ಸೇರಿ ಒಟ್ಟು ಖರ್ಚು ಆರೂವರೆ ಲಕ್ಷ. ಆಗ ಒಂದು ಪೌಂಡಿಗೆ ಸುಮಾರು 105 ರೂಪಾಯಿ ಇತ್ತು. ಐದು ವರ್ಷದಿಂದ ಕಟ್ಟಿಕೊಂಡು ಬಂದಿದ್ದ ಚೀಟಿ ಎತ್ತಿದೆ. ಅದು ಮನೆಯ ಮೇಲೆ ಇನ್ನೊಂದು ರೂಮು ಹಾಕಿಸಲು ಇಟ್ಟಿದ್ದ ದುಡ್ಡು. ನಮ್ಮ ಅತ್ತೆ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೆಯ ದಿನ ರಾತ್ರಿ ಊಟಕ್ಕೆ ಬಡಿಸುತ್ತಾ, "ಮೂರು ವಾರಕ್ಕೆ ಇಷ್ಟೊಂದು ದುಡ್ಡಾ ಅಂತ ಯೋಚನೆ ಮಾಡ್ತಿದ್ದೆ. ಹೋಗ್ಬಾರಮ್ಮ, ರೂಮು ಎಲ್ಲಿಗೂ ಓಡಿಹೋಗಲ್ಲ" ಅಂದರು. ಆ ಮಾತು ಇಲ್ಲದಿದ್ದರೆ ನಾನು ಅರ್ಜಿ ಹಾಕುತ್ತಿರಲಿಲ್ಲ.

ಇಷ್ಟು ಖರ್ಚು ಎಲ್ಲರೂ ಮಾಡಬೇಕು ಎಂದು ನಾನು ಹೇಳುವುದಿಲ್ಲ. ಸುಮ್ನೆ ಲಂಡನ್ ನೋಡಿಕೊಂಡು ಬರಲು ಇದು ತುಂಬಾ ದುಬಾರಿ ದಾರಿ. ಕಲಿಯಲೇಬೇಕಾದ ಒಂದು ವಿಷಯ ನಿಮ್ಮ ತಲೆಯಲ್ಲಿ ಕೊರೆಯುತ್ತಿದ್ದರೆ ಮಾತ್ರ ಯೋಚಿಸಿ.

ಅರ್ಜಿ ಕಷ್ಟವಿರಲಿಲ್ಲ. ಪದವಿಯ ಅಂಕಪಟ್ಟಿಗಳು, ಸಂಖ್ಯಾಶಾಸ್ತ್ರ ಓದಿದ್ದಕ್ಕೆ ದಾಖಲೆ, ಇಂಗ್ಲಿಷ್ ಬರುತ್ತದೆ ಎನ್ನುವುದಕ್ಕೆ ಪುರಾವೆ. ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮ. ಹಾಗಾಗಿ ಐಇಎಲ್‌ಟಿಎಸ್ ಪರೀಕ್ಷೆ ಬರೆದೆ. ಓದುವುದು, ಬರೆಯುವುದು ಸುಲಭವಾಯಿತು. ಕೇಳಿಸಿಕೊಳ್ಳುವ ಭಾಗಕ್ಕೆ ಎರಡು ತಿಂಗಳು ಅಭ್ಯಾಸ ಬೇಕಾಯಿತು. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಬಿಬಿಸಿ ರೇಡಿಯೊ ಕೇಳುತ್ತಾ ಹೋಗುತ್ತಿದ್ದೆ.

ವೀಸಾ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಒಬ್ಬ ಏಜೆಂಟರು ನನಗೆ ವಿದ್ಯಾರ್ಥಿ ವೀಸಾವೇ ಬೇಕು, ಅದಕ್ಕೆ ಇಷ್ಟು ಖರ್ಚಾಗುತ್ತದೆ, ಕ್ಷಯರೋಗದ ಪರೀಕ್ಷೆಯೂ ಆಗಬೇಕು ಎಂದು ದೊಡ್ಡ ಪಟ್ಟಿಯನ್ನೇ ಕೊಟ್ಟರು. ಮನೆಗೆ ಬಂದು ಬ್ರಿಟಿಷ್ ಸರ್ಕಾರದ ಜಾಲತಾಣವನ್ನು ನಾನೇ ಕೂತು ಓದಿದೆ. ಮಾನ್ಯತೆ ಇರುವ ಸಂಸ್ಥೆಯಲ್ಲಿ ಆರು ತಿಂಗಳೊಳಗಿನ ಓದಿಗೆ ಸಾಮಾನ್ಯ ಸಂದರ್ಶಕ ವೀಸಾ ಸಾಕು. ಕ್ಷಯದ ಪರೀಕ್ಷೆ ಆರು ತಿಂಗಳಿಗಿಂತ ಜಾಸ್ತಿ ಇರುವವರಿಗೆ. ನಾನು ಅರ್ಜಿ ಹಾಕಿದಾಗ ವೀಸಾ ಶುಲ್ಕ 115 ಪೌಂಡ್, ಅಂದರೆ ಹನ್ನೆರಡು ಸಾವಿರ ರೂಪಾಯಿ. ಪ್ರಯಾಣಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು, ಫೋಟೊ ಕೊಟ್ಟು ಬಂದೆ.

ನಾನು ಇಟ್ಟ ಕಾಗದಗಳು ಇವು: ಪ್ರವೇಶ ಪತ್ರ, ಶುಲ್ಕ ಕಟ್ಟಿದ ರಸೀದಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ರಿಟರ್ನ್ಸು, ರಜೆ ಮಂಜೂರಾಗಿದೆ ಮತ್ತು ವಾಪಸ್ ಬಂದು ಕೆಲಸಕ್ಕೆ ಹಾಜರಾಗುತ್ತಾರೆ ಎಂದು ಪ್ರಿನ್ಸಿಪಾಲರು ಕೊಟ್ಟ ಪತ್ರ. ಜೊತೆಗೆ ಚೀಟಿ ದುಡ್ಡು ಖಾತೆಗೆ ಒಂದೇ ಸಲ ಬಂದಿತ್ತಲ್ಲ, ಅದು ಎಲ್ಲಿಂದ ಬಂತು ಎಂದು ವಿವರಿಸಿ ಒಂದು ಪುಟ ಬರೆದು, ಚಿಟ್ ಕಂಪನಿಯ ಕಾಗದ ಲಗತ್ತಿಸಿದೆ. ಇದನ್ನು ಮರೆಯಬೇಡಿ. ಖಾತೆಯಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಕಂಡರೆ ಅವರಿಗೆ ಅನುಮಾನ ಬರುವುದು ಸಹಜ. ಮೂರು ವಾರದೊಳಗೆ ಪಾಸ್‌ಪೋರ್ಟ್ ಕೈಗೆ ಬಂತು. ಈ ವೀಸಾದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಹೆಚ್ಚಿನ ಚಿಕಿತ್ಸೆ ಉಚಿತವಾಗಿ ಸಿಗುವುದಿಲ್ಲ. ಹಾಗಾಗಿ ಪ್ರಯಾಣ ವಿಮೆ ಮಾಡಿಸಿಯೇ ಹೊರಡಿ.

ಇನ್ನು ಊಟ. ತುಪ್ಪ, ಪೇಡ, ಹಾಲಿನ ಯಾವ ಪದಾರ್ಥವನ್ನೂ ನಮ್ಮಲ್ಲಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ, ಮಾಂಸವೂ ಅಷ್ಟೇ. ಕರಿಬೇವಿನ ಸೊಪ್ಪಿನ ಆಸೆಯನ್ನೂ ಬಿಡಿ. ನಮ್ಮ ಅತ್ತೆ ಪುಳಿಯೋಗರೆ ಗೊಜ್ಜು, ಹುರಿಗಡಲೆ ಚಟ್ನಿಪುಡಿ, ಹುರುಳಿ ಚಟ್ನಿಪುಡಿ ಮಾಡಿ ಕಟ್ಟಿಕೊಟ್ಟರು. ಒಗ್ಗರಣೆಯನ್ನೂ ಅದರಲ್ಲೇ ಬೆರೆಸಿದ್ದರು. ಇದರಿಂದ ದೊಡ್ಡ ಉಪಕಾರವಾಯಿತು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಇತ್ತು. ಮೆಣಸಿನಕಾಯಿ ಹುರಿಯುವ ಹಾಗಿರಲಿಲ್ಲ. ಅನ್ನ ಮಾಡಿ ಗೊಜ್ಜು ಕಲಸಿದರೆ ರಾತ್ರಿ ಊಟ ಮುಗಿಯುತ್ತಿತ್ತು. ಯೂಸ್ಟನ್ ನಿಲ್ದಾಣದ ಹಿಂದೆ ಡ್ರಮಂಡ್ ಸ್ಟ್ರೀಟ್ ಎಂಬ ಬೀದಿ ಇದೆ. ಅಲ್ಲಿ ಸಸ್ಯಾಹಾರಿ ಹೋಟೆಲುಗಳೂ ನಮ್ಮ ದಿನಸಿ ಸಿಗುವ ಅಂಗಡಿಯೂ ಇವೆ. ಫಿಟ್ಸ್‌ರಾಯ್ ಸ್ಕ್ವೇರಿನ ಇಂಡಿಯನ್ ವೈಎಂಸಿಎಯಲ್ಲಿ ಅನ್ನ, ಸಾರು, ಪಲ್ಯದ ಊಟ ಹೊರಗಿನವರಿಗೂ ಸಿಗುತ್ತದೆ, ಬೆಲೆಯೂ ಕಡಿಮೆ. ನಲ್ಲಿ ನೀರನ್ನೇ ಕುಡಿಯಬಹುದು. ಬಸ್ಸಿಗೆ ಆಗ ಒಂದು ಮುಕ್ಕಾಲು ಪೌಂಡ್. ಒಂದು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತಿದರೆ ಮತ್ತೆ ಕೊಡಬೇಕಿಲ್ಲ. ನಾನು ಹಾಲ್ಬರ್ನ್ ಹತ್ತಿರ ಇದ್ದುದರಿಂದ ಕಾಲೇಜಿಗೆ ಹತ್ತು ನಿಮಿಷದ ನಡಿಗೆ.

2024ರ ಜೂನ್ ಮಧ್ಯದಲ್ಲಿ ಪಾಠ ಶುರುವಾಯಿತು. ಬೆಳಿಗ್ಗೆ ಮೂರು ಗಂಟೆ ಲೆಕ್ಚರ್. ಮಧ್ಯಾಹ್ನ ಸಣ್ಣ ಗುಂಪಿನ ಕ್ಲಾಸ್, ಅಲ್ಲಿ ಲೆಕ್ಕ ಬಿಡಿಸುವುದು, ಚರ್ಚೆ ಮಾಡುವುದು. ಮೂರು ವಾರ ಅಂದರೆ ಆರಾಮಾಗಿರಬಹುದು ಎಂದು ಅಂದುಕೊಳ್ಳಬೇಡಿ. ನಮ್ಮಲ್ಲಿ ಒಂದು ಸೆಮಿಸ್ಟರಿನಲ್ಲಿ ಮಾಡುವಷ್ಟನ್ನು ಅಲ್ಲಿ ಹದಿನೈದು ದಿನದ ಪಾಠದಲ್ಲಿ ಮುಗಿಸುತ್ತಾರೆ. ಸೋಮವಾರ ಕಲಿತದ್ದು ಗಟ್ಟಿಯಾಗದಿದ್ದರೆ ಮಂಗಳವಾರ ಏನೂ ಅರ್ಥವಾಗುವುದಿಲ್ಲ.

ಮೊದಲ ಮೂರು ದಿನ ಮಧ್ಯಾಹ್ನದ ಕ್ಲಾಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಸುತ್ತ ಇದ್ದವರೆಲ್ಲ ಇಪ್ಪತ್ತು, ಇಪ್ಪತ್ತೊಂದರ ಹುಡುಗರು. ಚೀನಾ, ಬ್ರೆಜಿಲ್, ಅಮೆರಿಕ, ನೈಜೀರಿಯಾ, ಎಲ್ಲೆಲ್ಲಿಂದಲೋ ಬಂದವರು. ನನಗೆ ಮೂವತ್ತಾರು. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಳ್ಳುವ ಹೊತ್ತಿಗೆ ಚರ್ಚೆ ಮುಂದೆ ಹೋಗಿರುತ್ತಿತ್ತು. ಮೂರನೆಯ ದಿನ ಕ್ಲಾಸು ಮುಗಿದ ಮೇಲೆ ಪಾಠ ಮಾಡುವ ಯುವಕರ ಬಳಿ ಹೋಗಿ ಇದನ್ನು ಹಾಗೇ ಹೇಳಿದೆ. ಅವರು, ಮಾರನೆಯ ದಿನದ ಲೆಕ್ಕಗಳನ್ನು ಮೊದಲೇ ಮಾಡಿಕೊಂಡು ಬನ್ನಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಕ್ಲಾಸು ಶುರುವಾದ ತಕ್ಷಣ ನಿಮ್ಮನ್ನೇ ಮೊದಲು ಕೇಳುತ್ತೇನೆ ಎಂದರು.

ನನಗೆ ಉಪಯೋಗಕ್ಕೆ ಬಂದದ್ದು ಈ ಕ್ರಮವೇ. ಸಂಜೆ ಐದರಿಂದ ಏಳರವರೆಗೆ ಆ ದಿನದ ಪಾಠವನ್ನು ಕನ್ನಡದಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ, ಜೋರಾಗಿ. ನಮ್ಮ ಬಿಎ ಹುಡುಗಿಯರು ಎದುರಿಗೆ ಕೂತಿದ್ದಾರೆ ಎಂದುಕೊಂಡು. ಕನ್ನಡದಲ್ಲಿ ಹೇಳಲಾಗದೆ ಎಲ್ಲಿ ತಡವರಿಸಿದೆನೋ ಅಲ್ಲಿ ನನಗೆ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತಿತ್ತು. ಊಟವಾದ ಮೇಲೆ ಮಾರನೆಯ ದಿನದ ಲೆಕ್ಕ. ಜೂನಿನಲ್ಲಿ ಅಲ್ಲಿ ರಾತ್ರಿ ಒಂಬತ್ತೂಕಾಲಿಗೂ ಸೂರ್ಯ ಮುಳುಗಿರುವುದಿಲ್ಲ. ಆ ಬೆಳಕಿನಲ್ಲಿ ಓದಿದ್ದು ನನಗೆ ಬಹಳ ಇಷ್ಟವಾದ ನೆನಪು. ಮಧ್ಯದಲ್ಲಿ ನಾಲ್ಕು ದಿನ ಮಾತ್ರ ವಿಪರೀತ ಸೆಕೆ. ಮೂವತ್ತು ಡಿಗ್ರಿ ನಮಗೆ ಏನೂ ಅಲ್ಲ, ಆದರೆ ರೂಮಿನಲ್ಲಿ ಫ್ಯಾನೇ ಇರಲಿಲ್ಲ. ಆ ದಿನಗಳಲ್ಲಿ ಲೈಬ್ರರಿಯಲ್ಲೇ ಇದ್ದುಬಿಟ್ಟೆ.

ಮೊದಲ ಲೆಕ್ಚರಿನ ಬಗ್ಗೆ ಹೇಳಲೇಬೇಕು. ಪ್ರೊಫೆಸರು ಸೂತ್ರದಿಂದ ಶುರು ಮಾಡಲಿಲ್ಲ. 1854ರ ಲಂಡನ್ನಿನ ಕಾಲರಾದಿಂದ ಶುರು ಮಾಡಿದರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು, ಅಲ್ಲ, ನೀರಿನಿಂದ ಬರುತ್ತದೆ ಎನ್ನುತ್ತಿದ್ದರು. ಸಾಧಿಸಿ ತೋರಿಸುವುದು ಹೇಗೆ?

ಥೇಮ್ಸ್ ನದಿಯ ದಕ್ಷಿಣಕ್ಕೆ ಎರಡು ಕಂಪನಿಗಳು ಮನೆಗಳಿಗೆ ನೀರು ಕೊಡುತ್ತಿದ್ದವು. ಒಂದು ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್, ಇನ್ನೊಂದು ಲ್ಯಾಂಬೆತ್. ಎರಡೂ ಕಂಪನಿಗಳು ಊರಿನ ಕೊಳಚೆ ಸೇರುವ ಜಾಗದಿಂದಲೇ ನೀರೆತ್ತುತ್ತಿದ್ದವು. 1852ರಲ್ಲಿ ಲ್ಯಾಂಬೆತ್ ಕಂಪನಿ ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ, ಥೇಮ್ಸ್ ಡಿಟನ್‌ಗೆ ಬದಲಾಯಿಸಿತು. ಇನ್ನೊಂದು ಕಂಪನಿ ಬದಲಾಯಿಸಲಿಲ್ಲ. ಎರಡರ ಪೈಪುಗಳೂ ಒಂದೇ ಬೀದಿಯಲ್ಲಿ ಹೋಗುತ್ತಿದ್ದವು. ಈ ಮನೆಗೆ ಆ ನೀರು, ಪಕ್ಕದ ಮನೆಗೆ ಈ ನೀರು. ಬಡವರು, ಉಳ್ಳವರು ಎಲ್ಲರೂ ಎರಡೂ ಕಡೆ ಇದ್ದರು. ಗಾಳಿ ಎಲ್ಲರಿಗೂ ಒಂದೇ. ಬೇರೆ ಇದ್ದದ್ದು ನೀರು ಮಾತ್ರ.

ಸ್ನೋ ಸತ್ತವರ ಮನೆಮನೆಗೆ ಹೋಗಿ ನಿಮ್ಮದು ಯಾವ ಕಂಪನಿಯ ನೀರು ಎಂದು ಕೇಳಿದರು. ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆಗ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ ಉಪ್ಪಿನಂಶ ನೋಡಿ ಯಾವ ಕಂಪನಿಯದು ಎಂದು ಪತ್ತೆ ಹಚ್ಚಿದರು. ಕೊನೆಗೆ ಬಂದ ಲೆಕ್ಕ ಇದು: ಪ್ರತಿ ಹತ್ತು ಸಾವಿರ ಮನೆಗಳಿಗೆ, ಕೊಳಚೆ ಜಾಗದ ನೀರು ಕುಡಿದಲ್ಲಿ 315 ಸಾವು, ಮೇಲಿನ ನೀರು ಕುಡಿದಲ್ಲಿ 37.

ಬೋರ್ಡಿನ ಮೇಲೆ ಈ ಎರಡು ಅಂಕಿ ಬರೆದು ಪ್ರೊಫೆಸರು ಒಂದು ನಿಮಿಷ ಸುಮ್ಮನೆ ನಿಂತರು. ನನಗೆ ಮೈ ಜುಮ್ಮೆಂದಿತು. ಹನ್ನೊಂದು ವರ್ಷ ನಾನು ಕಲಿಸಿದ್ದು ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು. ಇಲ್ಲಿ ಒಬ್ಬ ಮನುಷ್ಯ ವ್ಯತ್ಯಾಸ ನೋಡುವ ಮೊದಲು ಹೋಲಿಕೆ ಸರಿಯಾಗಿದೆಯಾ ಎಂದು ನೋಡಿದ್ದ.

ಅವತ್ತು ಸಂಜೆಯೇ ಸೋಹೊಗೆ ನಡೆದುಕೊಂಡು ಹೋದೆ. ಹಾಲ್ಬರ್ನಿನಿಂದ ಅರ್ಧ ಗಂಟೆಯೂ ಬೇಡ. ಈಗ ಬ್ರಾಡ್ವಿಕ್ ಸ್ಟ್ರೀಟ್ ಎಂದು ಕರೆಯುವ ಬೀದಿಯಲ್ಲಿ ಒಂದು ಕಬ್ಬಿಣದ ಪಂಪು ನಿಂತಿದೆ. 1854ರ ಆಗಸ್ಟ್ ಕೊನೆಯಲ್ಲಿ ಶುರುವಾದ ಕಾಲರಾಕ್ಕೆ ಸುತ್ತಮುತ್ತ ಆರುನೂರಕ್ಕೂ ಹೆಚ್ಚು ಜನ ಸತ್ತ ಜಾಗ ಅದೇ. ಅಲ್ಲಿನ ಬಾವಿ ಪಂಪಿನ ನೀರೇ ಕಾರಣ ಎಂದು ಸ್ನೋ ಒಪ್ಪಿಸಿದ ಮೇಲೆ, ಸೆಪ್ಟೆಂಬರ್ 8ರಂದು ಅದರ ಹಿಡಿ ತೆಗೆಸಿದರು. ಈಗ ಇರುವುದು ಹೊಸದಾಗಿ ಮಾಡಿಸಿಟ್ಟ ಪಂಪು, ಅದಕ್ಕೂ ಹಿಡಿ ಇಲ್ಲ. ಪಕ್ಕದಲ್ಲಿ ಜನ ಬಿಯರ್ ಹಿಡಿದು ನಿಂತು ನಗುತ್ತಿದ್ದರು. ನಾನು ಅಲ್ಲಿಂದಲೇ ಮಗಳಿಗೆ ವಿಡಿಯೊ ಕಾಲ್ ಮಾಡಿ ತೋರಿಸಬೇಕು ಅಂದುಕೊಂಡೆ. ನಮ್ಮಲ್ಲಿ ಆಗಲೇ ನಡುರಾತ್ರಿ ಆಗಿತ್ತು. ಫೋಟೊ ಕಳಿಸಿ ವಾಪಸ್ ಬಂದೆ.

ಎರಡನೆಯ ವಾರ ಧೈರ್ಯ ಬಂತು. ಚೀಟಿ ಬರೆದುಕೊಂಡು ಹೋಗುವುದು ಅಭ್ಯಾಸವಾಯಿತು. ನಾನು ಕೇಳಿದ ಪ್ರಶ್ನೆಗಳೇ ಉಳಿದವರ ಪ್ರಶ್ನೆಗಳೂ ಆಗಿರುತ್ತಿದ್ದವು. ಮೂರನೆಯ ವಾರ, ಯೋಜನೆ ಜಾರಿಯಾದ ಜಾಗವನ್ನೂ ಜಾರಿಯಾಗದ ಜಾಗವನ್ನೂ, ಮುಂಚೆ ಮತ್ತು ಆಮೇಲೆ ಎಂದು ಹೋಲಿಸುವ ವಿಧಾನ ಬಂತು. ಪಾಠದಲ್ಲಿ ಕೊಟ್ಟ ಉದಾಹರಣೆ ಅಮೆರಿಕದ್ದು. 1992ರಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿ ಹೆಚ್ಚಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಹೆಚ್ಚಿಸಲಿಲ್ಲ. ಕಾರ್ಡ್ ಮತ್ತು ಕ್ರೂಗರ್ ಎಂಬ ಇಬ್ಬರು ಎರಡೂ ಕಡೆಯ ಬರ್ಗರ್ ಅಂಗಡಿಗಳನ್ನು ಹೋಲಿಸಿ, ಕೂಲಿ ಹೆಚ್ಚಾದರೂ ಕೆಲಸ ಕಡಿಮೆಯಾಗಲಿಲ್ಲ ಎಂದು ತೋರಿಸಿದರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಮಧ್ಯಾಹ್ನದ ಕ್ಲಾಸಿನಲ್ಲಿ ನಿಮ್ಮ ದೇಶದ ಉದಾಹರಣೆ ಯಾರಾದರೂ ಹೇಳಿ ಎಂದರು. ನಾನು ಕೈ ಎತ್ತಿದೆ.

ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಎಂದೆ. ಪಕ್ಕದ ಆಂಧ್ರದಲ್ಲಿ ಆ ಯೋಜನೆ ಇನ್ನೂ ಬಂದಿಲ್ಲ ಎಂದೆ. ದೇಶದ ಕಾರ್ಮಿಕ ಸಮೀಕ್ಷೆಯ ವರ್ಷ ಆಗ ಜುಲೈನಿಂದ ಜೂನ್‌ವರೆಗೆ ಇದ್ದುದರಿಂದ, ಯೋಜನೆಗೆ ಮುಂಚಿನ ವರ್ಷ, ನಂತರದ ವರ್ಷ ಎಂದು ಸರಿಯಾಗಿ ಎರಡು ಭಾಗ ಸಿಗುತ್ತದೆ ಎಂದೆ. ಹುಡುಗರು ನನ್ನ ಕಡೆ ತಿರುಗಿ ಕೂತರು. ಉಚಿತ ಬಸ್ಸಾ, ರಾಜ್ಯಕ್ಕೆಲ್ಲಾ, ಎಲ್ಲ ಹೆಂಗಸರಿಗೂ? ಅವರಿಗೆ ಅದೇ ದೊಡ್ಡ ಅಚ್ಚರಿ.

ನೈಜೀರಿಯಾದ ಹುಡುಗಿ ಒಂದೇ ಪ್ರಶ್ನೆ ಕೇಳಿದಳು: ಅದೇ ಹೊತ್ತಿಗೆ ನಿಮ್ಮ ರಾಜ್ಯದಲ್ಲಿ ಬೇರೆ ಏನಾದರೂ ಬದಲಾಯಿತಾ?

ಬದಲಾಗಿತ್ತು. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಬಂತು, ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ಆ ವರ್ಷ ಮಳೆ ಕೈಕೊಟ್ಟಿತು, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಹೆಂಗಸರು ಕೆಲಸಕ್ಕೆ ಹೋಗಿದ್ದರೆ ಬಸ್ಸಿನಿಂದಲೋ, ಹೊಲದಲ್ಲಿ ಕೂಲಿ ಇಲ್ಲದ್ದರಿಂದಲೋ? ಹೋಗದಿದ್ದರೆ ಬಸ್ಸು ಉಪಯೋಗಕ್ಕೆ ಬರಲಿಲ್ಲ ಎಂದೋ, ಎರಡು ಸಾವಿರ ಕೈಗೆ ಬಂತು ಎಂದೋ? ನಮ್ಮ ಸ್ಟಾಫ್ ರೂಮಿನ ಜಗಳ ಯಾಕೆ ಮುಗಿಯುತ್ತಿರಲಿಲ್ಲ ಎಂದು ನನಗೆ ಆವತ್ತು ಅರ್ಥವಾಯಿತು.

ಕ್ಲಾಸಿನ ಉಳಿದ ಸಮಯವೆಲ್ಲ ಅದರಲ್ಲೇ ಹೋಯಿತು. ಗೃಹಲಕ್ಷ್ಮಿ ಇಡೀ ರಾಜ್ಯಕ್ಕೆ ಬಂದಿದೆ, ಹಾಗಾದರೆ ರಾಜ್ಯದ ಒಳಗೇ ಹೋಲಿಸಿ ಎಂದು ಬ್ರೆಜಿಲ್ಲಿನ ಹುಡುಗ ಹೇಳಿದ. ಬಸ್ಸು ಉಚಿತವಾದರೂ ಅದರಿಂದ ಲಾಭ ಸಿಗದ ಹೆಂಗಸರು ಎಲ್ಲಾದರೂ ಇದ್ದಾರಾ ಎಂದ. ನನಗೆ ತಟ್ಟನೆ ಹೊಳೆಯಿತು. ದಕ್ಷಿಣ ಕನ್ನಡ, ಉಡುಪಿ ಕಡೆ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿನವರಿಗೆ ಗೃಹಲಕ್ಷ್ಮಿ ಇದೆ, ಆದರೆ ಶೂನ್ಯ ಟಿಕೆಟ್ ಅಷ್ಟಾಗಿ ಇಲ್ಲ. ಅದನ್ನು ಹೇಳಿದಾಗ ಪಾಠ ಮಾಡುವವರು ಬೋರ್ಡಿನ ಮೇಲೆ ಕರ್ನಾಟಕದ ನಕ್ಷೆ ಬಿಡಿಸಿ ಎಂದು ನನ್ನ ಕೈಗೆ ಪೆನ್ನು ಕೊಟ್ಟರು. ಬಿಡಿಸಿದೆ. ಕರಾವಳಿಗೆ ಗೆರೆ ಹಾಕಿದೆ. ಆದರೆ ಕರಾವಳಿಯ ಓದು, ಕೆಲಸ, ಮಳೆ ಎಲ್ಲವೂ ತುಮಕೂರಿಗಿಂತ ಬೇರೆ ಎಂದು ನಾನೇ ಹೇಳಿದೆ. ಹಾಗಾದರೆ ಒಂದೇ ತಾಲ್ಲೂಕಿನೊಳಗೆ ಸರ್ಕಾರಿ ಬಸ್ಸು ಹೋಗುವ ಹಳ್ಳಿ, ಹೋಗದ ಹಳ್ಳಿ ಹುಡುಕಿ ಎಂದರು. ಸ್ನೋ ನೋಡಿದ ಹಾಗೆ, ಪಕ್ಕಪಕ್ಕದ ಮನೆಗಳು.

ಉತ್ತರ ಸಿಕ್ಕಿರಲಿಲ್ಲ. ಆದರೆ ಆ ಹುಡುಗಿಗೆ ಹೇಳಲು ನನ್ನ ಬಳಿ ಈಗ ಏನೋ ಇತ್ತು. ಹೋಗುವವರಿಗೆ ನಾನು ಹೇಳುವ ಮಾತೂ ಇದೇ. ನಿಮ್ಮ ಊರಿನ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ನಿಮ್ಮ ಇಂಗ್ಲಿಷ್ ಹೇಗಿದೆ ಎಂದು ಆ ತರಗತಿಯಲ್ಲಿ ಯಾರೂ ನೋಡಲಿಲ್ಲ. ಶಕ್ತಿ ಬಸ್ಸಿನ ಬಗ್ಗೆ ಅಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರು ಇರಲಿಲ್ಲ.

ಲೈಬ್ರರಿಯ ಬಗ್ಗೆ ಒಂದಿಷ್ಟು. ಈ ಸಂಸ್ಥೆ ಶುರುವಾದದ್ದು 1895ರಲ್ಲಿ, ಲೈಬ್ರರಿ ಮಾರನೆಯ ವರ್ಷ. ಚಾರ್ಲ್ಸ್ ಬೂತ್ ಎಂಬುವವರು 19ನೇ ಶತಮಾನದ ಕೊನೆಯಲ್ಲಿ ಮಾಡಿಸಿದ ಲಂಡನ್ನಿನ ಬಡತನದ ನಕ್ಷೆಗಳು ಅಲ್ಲಿವೆ. ಬೀದಿ ಬೀದಿಗೂ ಬಣ್ಣ ಹಚ್ಚಿದ್ದಾರೆ. ಹಳದಿ ಅಂದರೆ ಸಿರಿವಂತರು, ಕಡುನೀಲಿ ಅಂದರೆ ಕಡುಬಡವರು, ಕಪ್ಪು ಅಂದರೆ ಅದಕ್ಕಿಂತಲೂ ಕೆಳಗೆ. ನಾನು ದಿನಾ ದಾಟುತ್ತಿದ್ದ ಡ್ರೂರಿ ಲೇನಿನ ಅಕ್ಕಪಕ್ಕದ ಗಲ್ಲಿಗಳು ಅದರಲ್ಲಿ ಕಡುಬಣ್ಣ. ಕಾಲೇಜಿನ ಪಕ್ಕದ ದೊಡ್ಡ ರಸ್ತೆ ಕಿಂಗ್ಸ್‌ವೇ ಆ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಹಳೆಯ ಕೊಳೆಗೇರಿಗಳನ್ನು ಕೆಡವಿ 1905ರಲ್ಲಿ ಅದನ್ನು ತೆರೆದರು. ಆ ನಕ್ಷೆಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ನೋಡಬಹುದು, ಅದಕ್ಕೆ ಲಂಡನ್ನಿಗೆ ಹೋಗಬೇಕಿಲ್ಲ. ಈಗ ನನ್ನ ತರಗತಿಯಲ್ಲಿ ಬಡತನದ ಪಾಠ ಆ ನಕ್ಷೆಯಿಂದಲೇ ಶುರುವಾಗುತ್ತದೆ.

ಡಾ. ಅಂಬೇಡ್ಕರ್ 1916ರಲ್ಲಿ ಇದೇ ಸಂಸ್ಥೆಗೆ ಸೇರಿದ್ದರು. ವಿದ್ಯಾರ್ಥಿವೇತನ ಮುಗಿದು ಅರ್ಧಕ್ಕೆ ವಾಪಸ್ ಬಂದು, 1920ರಲ್ಲಿ ಮತ್ತೆ ಹೋಗಿ, ರೂಪಾಯಿಯ ಸಮಸ್ಯೆಯ ಮೇಲೆ ಬರೆದು 1923ರಲ್ಲಿ ಡಿಎಸ್‌ಸಿ ಪಡೆದರು. ಅವರ ಪ್ರತಿಮೆ ಅಲ್ಲಿದೆ. ಅದರ ಎದುರು ನಿಂತಾಗ ಚೀಟಿ ದುಡ್ಡು ನೆನಪಾಯಿತು, ರೂಮು ಎಲ್ಲಿಗೂ ಓಡಿಹೋಗಲ್ಲ ಎಂದ ಅತ್ತೆ ನೆನಪಾದರು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಎರಡನೆಯ ಶನಿವಾರ ಓದು ಬಿಟ್ಟು ಹಾಸ್ಟೆಲ್ಲಿನ ಕಾಮನ್ ರೂಮಿನಲ್ಲಿ ಟಿ20 ವಿಶ್ವಕಪ್ ಫೈನಲ್ ನೋಡಿದೆವು. ಭಾರತದವರು ಐದು ಜನ ಇದ್ದೆವು, ದಕ್ಷಿಣ ಆಫ್ರಿಕಾದವನು ಒಬ್ಬ. ಏಳು ರನ್ನಿನಿಂದ ಗೆದ್ದಾಗ, ಕಪ್ ಕೈಗೆ ಬಂದ ತಕ್ಷಣ ನಮ್ಮ ದ್ರಾವಿಡ್ ಕೂಗಿದ್ದನ್ನು ನೋಡಿ ನಾನೂ ಕೂಗಿದೆ. ಆ ದಕ್ಷಿಣ ಆಫ್ರಿಕಾದ ಹುಡುಗನಿಗೆ ರಾತ್ರಿ ಪುಳಿಯೋಗರೆ ಕಲಸಿಕೊಟ್ಟೆ. ಕೊನೆಯ ವಾರದಲ್ಲಿ ಅಲ್ಲಿ ಚುನಾವಣೆಯೂ ನಡೆದು ಸರ್ಕಾರ ಬದಲಾಯಿತು. ಪರೀಕ್ಷೆಯ ಗಡಿಬಿಡಿಯಲ್ಲಿ ಅದನ್ನು ಸರಿಯಾಗಿ ನೋಡಲಾಗಲಿಲ್ಲ ಎಂಬುದು ಈಗಲೂ ಇರುವ ಬೇಸರ.

ಪಂದ್ಯದ ಮಾರನೆಯ ಭಾನುವಾರ ಒಬ್ಬಳೇ ನಡೆಯಲು ಹೊರಟೆ. ವಾಟರ್ಲೂ ಸೇತುವೆ ದಾಟಿ ನದಿಯ ದಕ್ಷಿಣದ ದಡ ಹಿಡಿದು ಹೋದರೆ ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ ಉದ್ದನೆಯ ಗೋಡೆ ಇದೆ. ಕೋವಿಡ್ಡಿನಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬಿಡಿಸಿದ್ದಾರೆ, ಒಂದೊಂದು ಜೀವಕ್ಕೆ ಒಂದೊಂದು. ನಮ್ಮ ಅಪ್ಪ 2021ರಲ್ಲಿ ಅದೇ ಕಾಯಿಲೆಯಿಂದ ಹೋದರು. ಗೋಡೆ ಮುಗಿಯುವವರೆಗೂ ನಿಧಾನವಾಗಿ ನಡೆದೆ. ಅಲ್ಲಿಂದ ಮುಂದೆ ಲ್ಯಾಂಬೆತ್ ಸೇತುವೆಯ ಪಕ್ಕದ ತೋಟದಲ್ಲಿ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅದನ್ನು ಅನಾವರಣ ಮಾಡಿದ್ದರು. ಯಾರೋ ಹೂವಿಟ್ಟು ಹೋಗಿದ್ದರು. ಲ್ಯಾಂಬೆತ್ ಎಂಬ ಹೆಸರನ್ನು ಎರಡು ವಾರದಿಂದ ನೀರಿನ ಕಂಪನಿಯ ಹೆಸರಾಗಿ ಬರೆಯುತ್ತಿದ್ದೆ. ನದಿ ಎದುರಿಗೇ ಹರಿಯುತ್ತಿತ್ತು. ಅಲ್ಲಿ ನಿಂತು ಮನೆಗೆ ಫೋನು ಮಾಡಿದೆ, ಈ ಸಲ ಮಗಳು ಎದ್ದಿದ್ದಳು.

ಪರೀಕ್ಷೆ ಚೆನ್ನಾಗಿಯೇ ಆಯಿತು. ಮೊದಲ ದರ್ಜೆ ಬರಲಿಲ್ಲ, ಅದರ ಕೆಳಗಿನದು ಬಂತು. ಪ್ರಮಾಣಪತ್ರ, ಅಂಕಪಟ್ಟಿ ಎರಡೂ ಬಂದವು. ಊರಿಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಲು ಆರ್ ಎಂಬ ತಂತ್ರಾಂಶ ಕಲಿತೆ. ಅದು ಉಚಿತ, ನಮ್ಮ ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಪ್ರಶ್ನೆ ಕೇಳಿದ್ದ ಹುಡುಗಿ ಆಗ ಕೊನೆಯ ವರ್ಷದಲ್ಲಿದ್ದಳು. ಅವಳನ್ನೂ ಸೇರಿಸಿ ಒಂಬತ್ತು ವಿದ್ಯಾರ್ಥಿಗಳ ಗುಂಪು ಮಾಡಿಕೊಂಡೆ. ಗುಬ್ಬಿ ತಾಲ್ಲೂಕಿನಲ್ಲಿ ಎರಡು ಹಳ್ಳಿ ಆರಿಸಿಕೊಂಡೆವು. ಒಂದಕ್ಕೆ ದಿನಕ್ಕೆ ಆರು ಸಲ ಕೆಂಪು ಬಸ್ಸು ಬರುತ್ತದೆ. ಇನ್ನೊಂದಕ್ಕೆ ಒಂದೂ ಇಲ್ಲ, ಮೂರು ಕಿಲೋಮೀಟರ್ ನಡೆದು ಬಂದು ಮುಖ್ಯರಸ್ತೆಯಲ್ಲಿ ನಿಲ್ಲಬೇಕು. ಮಣ್ಣು, ಬೆಳೆ, ಜನ ಹೆಚ್ಚುಕಡಿಮೆ ಒಂದೇ ಥರ. ಪ್ರಶ್ನೆಗಳ ಹಾಳೆ ತಯಾರು ಮಾಡಿಕೊಂಡು ಮನೆಮನೆಗೆ ಹೋದೆವು. ಕೆಲಸಕ್ಕೆ ಹೋಗುತ್ತೀರಾ, ಎಷ್ಟು ದೂರ, ದಿನಕ್ಕೆ ಎಷ್ಟು ಕೂಲಿ, ಯೋಜನೆಗೆ ಮುಂಚೆ ಹೇಗಿತ್ತು, ಈಗ ಹೇಗೆ. ಕೆಲಸ, ಆಸ್ಪತ್ರೆ, ಸಂತೆ, ದೇವಸ್ಥಾನ ಎಂದು ನಾಲ್ಕು ಕಾಲಂ ಮಾಡಿದ್ದೆವು.

ಬಸ್ಸು ಬರುವ ಹಳ್ಳಿಯಲ್ಲಿ ಜಗಲಿ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಅಜ್ಜಿಯೊಬ್ಬರನ್ನು ಆ ಹುಡುಗಿ ಕೇಳಿದಳು, "ಅಜ್ಜಿ, ಬಸ್ ಫ್ರೀ ಆದ್ಮೇಲೆ ಎಲ್ಲಿಗ್ ಹೋಗ್ ಬಂದ್ರಿ?"

"ಮಗಳ ಮನೇಗೆ ಕಣವ್ವ. ಚಿಕ್ಕನಾಯಕನಹಳ್ಳಿ ತಾವ. ಮದ್ವೆ ಮಾಡಿ ಕೊಟ್ಟು ಇಪ್ಪತ್ ವರ್ಸ ಆಯ್ತು. ಮೊದ್ಲು ವರ್ಸಕ್ಕೊಂದ್ ಸಲ ಹಬ್ಬಕ್ಕೆ ಹೋಗ್ತಿದ್ದೆ. ಈಗ ಬೇಕಾದಾಗ ಹೋಗಿ ಬತ್ತೀನಿ."

ಹುಡುಗಿ ಹಾಳೆ ನೋಡಿದಳು, ನನ್ನ ಮುಖ ನೋಡಿದಳು. ಅದನ್ನು ಬರೆಯಲು ನಮ್ಮಲ್ಲಿ ಕಾಲಂ ಇರಲಿಲ್ಲ. ಅವತ್ತು ರಾತ್ರಿಯೇ ಹಾಳೆಯನ್ನು ಮತ್ತೆ ತಯಾರು ಮಾಡಿ ಐದನೆಯ ಕಾಲಂ ಸೇರಿಸಿದೆವು. ಮಾರನೆಯ ದಿನ ಬಸ್ಸಿಲ್ಲದ ಹಳ್ಳಿಗೂ ಅದನ್ನೇ ತೆಗೆದುಕೊಂಡು ಹೋದೆವು.